ಅಣ್ಣ ಬರೆದ ಬೆಳಕು

ಅಂಗಡಿಗಳಿಗೆ ಮಿನುಗುವ ಬೋರ್ಡು ಮಾಡಿಕೊಡುವ ಅವಳನ್ನು ಮನೆಯಲ್ಲಿ ಎಲ್ಲರೂ ಕಿಡಿ ಅಂತಲೇ ಕರೆಯುವುದು. ಚಿಕ್ಕಂದಿನಲ್ಲಿ ಆ ಹೆಸರಿಟ್ಟವನು ಅಣ್ಣ. ಅವನು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಅತ್ತಿಗೆಯ ಫೋನ್ ಬಂತು. ಅಣ್ಣ ಗೋಡೆಗೆ ಹಾಕಿದ್ದ ಎಲ್‌ಇಡಿ ಪಟ್ಟಿ ಅರ್ಧಕ್ಕೇ ಉರಿಯುತ್ತಿದೆಯಂತೆ.

"ಬೇರೆ ಯಾರ ಕೈಗೂ ಕೊಡಲ್ಲ ಕಣೆ. ನೀನೇ ಬಾ."

ಆ ದೀಪಗಳ ಆಟವನ್ನು ಅಣ್ಣ ಹಾಸಿಗೆ ಹಿಡಿದಿದ್ದಾಗ ಮಲಗಿದಲ್ಲೇ ಕಂಪ್ಯೂಟರಿನಲ್ಲಿ ಬರೆದದ್ದು. ಸ್ವಿಚ್ ಒತ್ತಿದರೆ ಹಳದಿ ಬೆಳಕು ಮೆಲ್ಲಗೆ ಹರಿದು ಬಂದು, ಕಿತ್ತಳೆಯಾಗಿ, ಎಲ್ಲೋ ಒಂದು ಕಡೆ ತಡವರಿಸಿ, ಆಮೇಲೆ ತಟ್ಟನೆ ನೀಲಿಗೆ ಜಿಗಿಯುತ್ತಿತ್ತು. ಅತ್ತಿಗೆ ದಿನಾ ಸಂಜೆ ಅದರೆದುರು ಕೂತು ಚಹಾ ಕುಡಿಯುವಳು. ಅವಳ ಪಾಲಿಗೆ ಉಳಿದಿದ್ದ ಗಂಡ ಅಂದರೆ ಅಷ್ಟೇ. ಕೋಡ್ ಇದ್ದ ಕಂಪ್ಯೂಟರ್ ಅವನಿಗಿಂತ ಮೊದಲೇ ಕೆಟ್ಟು ಗುಜರಿಗೆ ಹೋಗಿತ್ತು. ಇನ್ನು ಆ ಕೋಡ್ ಉಳಿದಿದ್ದದ್ದು ಪಟ್ಟಿಯ ತುದಿಯಲ್ಲಿ ದೀಪಗಳನ್ನು ಆಡಿಸುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಮಾತ್ರ. ಕಿಡಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ.

ಕೆಲಸ ಚಿಟಿಕೆಯಷ್ಟು. ಬಿಟ್ಟುಕೊಂಡಿದ್ದ ತಂತಿಗೆ ಬೆಸುಗೆ ಹಾಕಿದಳು. ಆಮೇಲೆ ತನ್ನ ಲ್ಯಾಪ್‌ಟಾಪಿಗೆ ಬೋರ್ಡನ್ನು ಸಿಕ್ಕಿಸಿ, ರಿಪೇರಿಯಾದ ಪ್ರತಿ ಬೋರ್ಡಿಗೂ ಮಾಡುವ ಹಾಗೆ, ಪರೀಕ್ಷೆಯ ಪ್ರೋಗ್ರಾಮ್ ತುಂಬಿಸಿಬಿಟ್ಟಳು. ಕೆಂಪು, ಹಸಿರು, ನೀಲಿ. ಒಂದು ದೀಪವೂ ಕೈಕೊಡಲಿಲ್ಲ.

"ಆಯ್ತು ನೋಡಿ ಅತ್ತಿಗೆ!"

"ಸರಿ, ಈಗ ಅವರದ್ದು ಹಾಕು."

ಕಿಡಿಗೆ ಆಗ ಹೊಳೆಯಿತು. ಬೋರ್ಡಿನಲ್ಲಿ ಹೊಸ ಪ್ರೋಗ್ರಾಮ್ ಹೋಗಿ ಕೂತರೆ ಹಳೆಯದು ಅಳಿಸಿಹೋಗುತ್ತದೆ. ತನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ಇದನ್ನು ತಲೆಗೆ ಮೊಟಕಿ ಹೇಳಿಕೊಡುವವಳು ಇವಳೇ. ಹಾಳಾದ ಕೈ! ತಲೆಯನ್ನು ಒಂದು ಮಾತು ಕೇಳಬಾರದಿತ್ತೇ?

"ಅತ್ತಿಗೆ... ಅಳಿಸಿಬಿಟ್ಟೆ. ಅಣ್ಣಂದು ಹೋಯ್ತು. ಮತ್ತೆ ತೆಗೆಯೋಕಾಗಲ್ಲ."

ಅತ್ತಿಗೆ ಹೋಗಿ ಪಟ್ಟಿಯ ಸ್ವಿಚ್ ಆರಿಸಿದಳು. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ. ಅವಳೇ ಹತ್ತಿರ ಬಂದು ಕಿಡಿಯ ಬೆನ್ನು ಸವರಿದಳು.

"ಅಳಬೇಡ ಕಣೆ. ಮತ್ತೆ ಬರಿ, ನಾನು ಹೇಳ್ತೀನಿ. ದಿನಾ ನೋಡಿದೀನಲ್ಲ? ಹಳದಿ ಕಿಟಕಿ ಕಡೆಯಿಂದ ಬರ್ತಿತ್ತು."

ಕಿಡಿ ಮೂಗೊರೆಸಿಕೊಂಡಳು. "ಇಲ್ಲ ಅತ್ತಿಗೆ, ಬಾಗಿಲ ಕಡೆಯಿಂದ."

"ಯಾವಾಗ್ಲೋ ಒಮ್ಮೆ ಬಂದು ಹೋಗೋಳು ನೀನು, ನಿನಗೇನ್ ಗೊತ್ತು? ಕಿಟಕಿ ಕಡೆಯಿಂದಾನೇ. ಆಮೇಲೆ ನಡುವೆ ನಿಲ್ತಿತ್ತು."

"ನಡುವೆ ಅಲ್ಲ, ಕೊನೇಲಿ! ನಾನು ಅವನ ಪಕ್ಕಾನೇ ಕೂತು ನೋಡಿದ್ದೆ."

"ನಾನೇನ್ ಕಣ್ಣು ಮುಚ್ಕೊಂಡಿದ್ನಾ?"

ಇಬ್ಬರಿಗೂ ಹಟ ಏರಿತು. ಇಬ್ಬರಿಗೂ ತಾವು ಕಂಡದ್ದೇ ಸರಿ. ಅತ್ತಿಗೆ ರೇಗಿಹೋಗಿ, ಒಳಕೋಣೆಯ ಕಡೆ ಕತ್ತು ತಿರುಗಿಸಿ ದನಿಯೇರಿಸಿ ಕೂಗಿದಳು:

"ರೀ, ನೀವಾದ್ರೂ ಹೇಳ್ರೀ ಇವಳಿಗೆ..."

ಮಾತು ಅಲ್ಲೇ ನಿಂತಿತು. ತಿರುಗಿಸಿದ ಕತ್ತನ್ನು ಅವಳು ಈಚೆಗೆ ತರಲೇ ಇಲ್ಲ. ಕಿಡಿ ಲ್ಯಾಪ್‌ಟಾಪ್ ಮುಚ್ಚಿಟ್ಟು, ಹೋಗಿ ಅವಳನ್ನು ತಬ್ಬಿಕೊಂಡಳು.