ತೇಲುವ ಖಾನಾವಳಿಯ ಎರಡು ಕಾಗದ

ಬಸವಕಲ್ಯಾಣದಲ್ಲಿ ಕಚೇರಿಗಳ ಮುಂದಿನ ಬಯಲಿನಲ್ಲಿ ಒಂದು ಹುಣಸೆ ಮರವಿದೆ. ಅದರ ಕೆಳಗೆ ಸ್ಟೂಲು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ತುಳಜಾರಾಮ ಬರೆದ ಕಾಗದ ವಾಪಸ್ ಬರುವುದಿಲ್ಲ ಅಂತ ಮುಡಬಿಯಿಂದ ಹುಲಸೂರತನಕ ಒಂದು ಮಾತಿದೆ. ಆ ಮಾತು ಹುಟ್ಟಿಸಿದವನೂ ನಾನೇ ಇರಬಹುದು, ಈಗ ನೆನಪಿಲ್ಲ. ಜಂಬ ನನಗೆ ಚಿಕ್ಕಂದಿನಿಂದಲೂ ಇದೆ. ಆ ಜಂಬದಿಂದ ಒಬ್ಬ ಮನುಷ್ಯ ಸತ್ತ. ಯಾರೂ ಕೇಳಿಲ್ಲ, ಆದರೂ ಬರೆದಿಡುತ್ತಿದ್ದೇನೆ. ಕಚೇರಿಗಳ ಹೆಸರು, ಠಾಣೆಗಳ ಹೆಸರು ಮಾತ್ರ ಬರೆಯುವುದಿಲ್ಲ, ಯಾಕೆಂದರೆ ನಾಳೆಯೂ ಅವುಗಳ ಬಾಗಿಲಲ್ಲೇ ಕೂತು ಹೊಟ್ಟೆ ಹೊರೆಯಬೇಕಾದವನು ನಾನು.

ಸತ್ತವನ ಹೆಸರು ಮಚ್ಚೇಂದ್ರ. ಜೋಗಿಕೆರೆಯ ಏರಿಯ ಮೇಲೆ ತಳ್ಳುಗಾಡಿ ಇಟ್ಟು ಕರಿದ ಮೀನು, ಬಿಸಿ ಜೋಳದ ರೊಟ್ಟಿ ಮಾರುತ್ತಿದ್ದ. ಹೆಂಡತಿ ದ್ರೌಪತಿ ರೊಟ್ಟಿ ಬಡಿಯುತ್ತಿದ್ದಳು. ಭಾನುವಾರ ನೀರು ನೋಡಲು ಬಂದವರು ಅವಳ ರೊಟ್ಟಿಗಾಗಿ ಸಾಲು ನಿಲ್ಲುತ್ತಿದ್ದರು. ಏರಿಗೆ ಹತ್ತಿಕೊಂಡೇ ಮಹಾರುದ್ರಪ್ಪನವರ ಹೊಲ, ಈಚೆ ದಂಡೆಗುಂಟ ಕೆರೆಯ ಬಾಲದತನಕ. ತಮ್ಮ ಬದುವಿಗೆ ಎಂಜಲು ಎಲೆ ಬೀಳುತ್ತವೆ, ಮೀನಿನ ನಾತ ಮನೆತನಕ ಬರುತ್ತದೆ ಅಂತ ಅವರು ಪಂಚಾಯಿತಿಗೆ ದೂರು ಕೊಟ್ಟರು. ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇತ್ತು. ರೊಟ್ಟಿ ಬಡಿಯುವ ಕೈ ಯಾವ ಓಣಿಯದು ಎಂಬುದು ಇಡೀ ಊರಿಗೆ ಗೊತ್ತಿತ್ತು. ಪಂಚಾಯಿತಿಯವರು ಗಾಡಿ ಎತ್ತಿಸಿದರು.

ಆಮೇಲೆ ಎರಡು ತಿಂಗಳಿಗೆ ಮಚ್ಚೇಂದ್ರ ನನ್ನ ಮರದ ಕೆಳಗೆ ಬಂದು ನಿಂತ. "ಜೈಭೀಮ್ ಕಾಕಾ" ಅಂದ. ಹದಿನಾರು ನೀಲಿ ಪ್ಲಾಸ್ಟಿಕ್ ಡ್ರಮ್ಮು ಕಟ್ಟಿ, ಮೇಲೆ ಬಿದಿರು, ಹಲಗೆ ಹಾಸಿ, ತಗಡಿನ ಮಾಡು ಹೊಚ್ಚಿ ನೀರಿನ ಮೇಲೆ ಖಾನಾವಳಿ ಮಾಡಿದ್ದೇನೆ, ಪರವಾನಗಿ ಬೇಕು ಅಂದ.

"ದಂಡಿ ಅವರದಂತ, ಆತು. ನೀರು ಅವರದಲ್ಲಲಾ ಕಾಕಾ?"

"ನೀರು ಸರ್ಕಾರದ್ದಪಾ."

"ಹಂಗಾದ್ರ ಸರ್ಕಾರಕ್ಕೇ ಕೇಳ್ತೀನಿ. ಬರದು ಕೊಡ್ರಿ."

ನನಗೆ ಅವನು ಅಲ್ಲೇ ಹಿಡಿಸಿದ. ಪಂಚಾಯಿತಿಗೆ ಒಂದು, ನೀರಾವರಿಯವರಿಗೆ ಒಂದು, ತಿಂಡಿ ಮಾರುವ ನೋಂದಣಿಗೆ ಒಂದು, ಹೀಗೆ ಮೂರು ಅರ್ಜಿ ಬರೆದೆ. ಮೂರರಲ್ಲೂ ಮೊದಲ ಸಾಲಿನಲ್ಲೇ ಕೇಳಿದ್ದರು: ಗ್ರಾಮ ಯಾವುದು, ತಾಲೂಕು ಯಾವುದು. ತೊಡಕು ಶುರುವಾದದ್ದು ಅಲ್ಲಿ.

ಜೋಗಿಕೆರೆ ಆಗುವ ಮೊದಲು ಅಲ್ಲೊಂದು ಹಳ್ಳ ಹರಿಯುತ್ತಿತ್ತು. ಹಳ್ಳದ ಈಚೆ ಬಸವಕಲ್ಯಾಣ ತಾಲೂಕು, ಆಚೆ ಹುಮನಾಬಾದ. ಏರಿ ಕಟ್ಟಿದ ಮೇಲೆ ಹಳ್ಳ ನೀರಿನ ಕೆಳಗೆ ಹೋಯಿತು, ಅದರ ಜೊತೆ ಗಡಿಯೂ ಹೋಯಿತು. ಮೀನಿಗೆ ಅದರಿಂದ ತೊಂದರೆ ಆಗಿರಲಿಲ್ಲ. ಈಚೆಯ ಕಚೇರಿ, ಹುಮನಾಬಾದ ಕಡೆಯಿಂದ ಅಡ್ಡಿಯಿಲ್ಲವೆಂಬ ಪತ್ರ ತಾ ಅಂದಿತು. ಆಚೆಯವರು, ಮೊದಲು ಬಸವಕಲ್ಯಾಣದ್ದು ತಾ ಅಂದರು. ಮಚ್ಚೇಂದ್ರ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದನೆಂದರೆ ಕಂಡಕ್ಟರೇ "ಇವತ್ತ ಯಾವ ಸಾಹೇಬ್ರು?" ಅಂತ ಕೇಳುತ್ತಿದ್ದ. ಎರಡೂ ತಾಲೂಕಿನವರು ಕೂಡಿ ಅಳತೆ ಮಾಡಲಿ ಅಂತ ಬೀದರಿಗೂ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಐದನೇ ತಿಂಗಳಿಗೆ ಅವನು ಬಂದು ಕೂತಾಗ ಮುಖ ಬತ್ತಿತ್ತು. ಎರಡೂ ಕಡೆಯವರು, ಪರವಾನಗಿ ಇಲ್ಲದೆ ಒಲೆ ಹಚ್ಚಿದರೆ ತೆಪ್ಪ ಜಪ್ತಿ ಮಾಡುತ್ತೇವೆ ಅಂತ ನೋಟಿಸು ಕೊಟ್ಟಿದ್ದರು. "ತೆಪ್ಪ ಹೋದ್ರ ನಂದೇನೂ ಉಳಿಯಲ್ಲ ಕಾಕಾ. ನಿಂದರಾಕ ಜಾಗಾನೇ ಇಲ್ಲ" ಅಂದ.

ಆಗ ನನ್ನ ತಲೆಗೆ ಆ ಉಪಾಯ ಹೊಳೆಯಿತು. ಎಷ್ಟು ಖುಷಿಯಾಯಿತೆಂದರೆ ಚಹಾ ತರಿಸಿದೆ.

"ಪರವಾನಗಿ ಕೇಳೋದ ಬಿಡು. ಇಬ್ಬರಿಗೂ 'ನಾ ನಿಮ್ಮ ಹದ್ದಿನಾಗ ಇಲ್ಲ' ಅಂತ ಬರಕೊಡು. ಅವರಿಗೂ ಅದೇ ಬೇಕಾಗ್ಯದ."

ಬಾಂಡ್ ಕಾಗದದ ಮೇಲೆ ಎರಡು ಪ್ರಮಾಣಪತ್ರ ಬರೆದೆ. ನನ್ನ ತೇಲುವ ಖಾನಾವಳಿ ಹುಮನಾಬಾದ ತಾಲೂಕಿನ ಹದ್ದಿನಲ್ಲಿದೆ, ಆದ್ದರಿಂದ ಅರ್ಜಿ ವಾಪಸ್ ಪಡೆಯುತ್ತೇನೆ ಅಂತ ಈಚೆಗೆ. ಅದೇ ಖಾನಾವಳಿ ಬಸವಕಲ್ಯಾಣ ತಾಲೂಕಿನಲ್ಲಿದೆ ಅಂತ ಆಚೆಗೆ. ಮಚ್ಚೇಂದ್ರ ಸಹಿ ಮಾಡಿದ, ಸಾಕ್ಷಿಗೆ ದ್ರೌಪತಿ ಮಾಡಿದಳು. ಕಾಗದಕ್ಕೆ ತೂಕ ಬರಲಿ ಅಂತ ಇನ್ನೊಂದು ಸಾಲನ್ನು ನಾನೇ ಕೆಳಗೆ ಸೇರಿಸಿದೆ: ಪ್ರತಿಯನ್ನು ಪೊಲೀಸ್ ಠಾಣೆಗೆ ಮಾಹಿತಿಗಾಗಿ ಸಲ್ಲಿಸಲಾಗಿದೆ. ಯಾರೂ ಕೇಳಿರಲಿಲ್ಲ. ನನ್ನ ಎಲ್ಲ ಅರ್ಜಿಗಳಿಗೂ ಹಾಗೆ ಒಂದು ಬಾಲ ಕಟ್ಟುವುದು ನನ್ನ ರೂಢಿ. ಎರಡು ಠಾಣೆಗೂ ಅವನ ಕೈಯಿಂದಲೇ ಪ್ರತಿ ಕೊಡಿಸಿದೆ.

ಎರಡೂ ಕಚೇರಿಯವರು ವಾರದೊಳಗೆ 'ನಮ್ಮ ಹದ್ದಿಗೆ ಬರುವುದಿಲ್ಲ, ಕಡತ ಮುಕ್ತಾಯ' ಅಂತ ಷರಾ ಬರೆದು ಮೊಹರು ಒತ್ತಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ನಾನು ಆ ಬಯಲಿನಲ್ಲಿ ಒಂದು ತಿಂಗಳು ಹೇಳಿಕೊಂಡು ತಿರುಗಿದೆ.

ಖಾನಾವಳಿ ಎರಡು ವರ್ಷ ನಡೆಯಿತು. ಕೆರೆಯ ಬಾಲ ಕಿರಿದಾಗುವ ಕಡೆ ತೆಪ್ಪ ನಿಲ್ಲಿಸಿದ್ದ. ಒಂದು ಹಗ್ಗ ಈಚೆ ದಂಡೆಯ ಬೇವಿನ ಮರಕ್ಕೆ, ಇನ್ನೊಂದು ಆಚೆ ದಂಡೆಯ ಕಲ್ಲಿಗೆ. ಹುಮನಾಬಾದ ಕಡೆ ಸರ್ಕಾರಿ ಜೀಪು ಕಂಡರೆ ಈಚೆ ಹಗ್ಗ ಜಗ್ಗುವುದು, ಬಸವಕಲ್ಯಾಣದ ಕಡೆ ಕಂಡರೆ ಆಚೆಯದು. ಅಧಿಕಾರಿಗಳೂ ದೂರದಿಂದ ನೋಡಿ, ನಮ್ಮ ಕಡೆ ಇಲ್ಲವಲ್ಲ ಅಂತ ಹೊರಟು ಹೋಗುತ್ತಿದ್ದರು. ಊಟಕ್ಕೆ ಕೂತವರು ತಾಟು ಹಿಡಿದುಕೊಂಡೇ ತಾಲೂಕು ದಾಟುತ್ತಿದ್ದರು. ನಾನೂ ಒಂದು ಸಲ ಹಾಗೆ ದಾಟಿದ್ದೇನೆ. ಮೀನು ಬಾಯಲ್ಲಿಟ್ಟುಕೊಂಡು ನಕ್ಕಿದ್ದೇನೆ. ದ್ರೌಪತಿ ಮಾತ್ರ ನಗುತ್ತಿರಲಿಲ್ಲ. "ಕಾಕಾ, ಒಂದ ಕಡೀ ಖರೇ ಕಾಗದ ಆಗಂಗಿಲ್ಲೇನ್ರಿ?" ಅಂತ ಹೋದಾಗಲೆಲ್ಲ ಕೇಳುವಳು. ಬೀದರಿನಿಂದ ಬರುತ್ತದೆ ಅನ್ನುತ್ತಿದ್ದೆ.

ಈ ಆಷಾಢದಲ್ಲಿ, ಒಂದು ಶನಿವಾರ ಬೆಳಿಗ್ಗೆ, ಫೋನು ಬಂತು. ನಾನಿನ್ನೂ ಸ್ಟೂಲು ಒರೆಸುತ್ತಿದ್ದೆ.

"ಕಾಕಾ, ಇವರು ನೀರಾಗ ಬಿದ್ರು. ಹೋಗಿಬಿಟ್ರು." ದ್ರೌಪತಿಯ ದನಿಯಲ್ಲಿ ಅಳು ಇರಲಿಲ್ಲ. "ಏನೇನ್ ಕಾಗದ ಬೇಕಾಗ್ತಾವರಿ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗಂಡ ಸತ್ತ ಅರ್ಧ ತಾಸಿಗೆ ಅವಳಿಗೆ ಆ ಮಾತು ಬಾಯಿಗೆ ಬರುವಂತೆ ನಾವೆಲ್ಲ ಕೂಡಿ ಅವಳನ್ನು ತಯಾರು ಮಾಡಿದ್ದೆವು.

ನಡೆದದ್ದು ಇಷ್ಟು. ಆಚೆ ದಂಡೆಗೆ ಒಂದು ಬಿಳಿ ಜೀಪು ಬಂದು ನಿಂತಿತು. ಗಾಜಿನ ಮೇಲೆ 'ಸರ್ಕಾರಿ ಕೆಲಸ' ಅಂತ ಚೀಟಿ. ಮಚ್ಚೇಂದ್ರ ಈಚೆ ಹಗ್ಗ ಜಗ್ಗತೊಡಗಿದ. ಆಷಾಢದ ಗಾಳಿ ಎದುರಿಗೆ ಬೀಸುತ್ತಿತ್ತು. ತೆಪ್ಪ ವಾಲಿತು, ಒಂದು ಡ್ರಮ್ಮು ಕಟ್ಟು ಬಿಚ್ಚಿ ಹೊರಗೆ ಜಾರಿತು, ಕಾಲಿಗೆ ಸುತ್ತಿಕೊಂಡ ಹಗ್ಗದ ಸಮೇತ ಅವನು ತೆಪ್ಪದ ಅಡಿಗೆ ಹೋದ. ಈಜು ಬರುತ್ತಿತ್ತು, ಹಗ್ಗ ಬಿಡಲಿಲ್ಲ. ಬಲೆ ಹಾಕಲು ಬಂದಿದ್ದ ಯೂನುಸ್ ಮುಳುಗಿ ಕಾಲಿಗೆ ಸುತ್ತಿದ್ದ ಹಗ್ಗದ ತುದಿ ಕೊಯ್ದು ಮೇಲೆ ತರುವಷ್ಟರಲ್ಲಿ ಮುಗಿದಿತ್ತು. ಹೆಣವನ್ನು ತೆಪ್ಪದ ಹಲಗೆಯ ಮೇಲೆಯೇ ಮಲಗಿಸಿ, ಪೊಲೀಸರು ಬರುವತನಕ ಅಲುಗಾಡಿಸಬೇಡ ಅಂತ ಹೇಳಿ ಅವನು ದಡಕ್ಕೆ ಬಂದ. ಜೀಪಿನಲ್ಲಿ ಬಂದವರು ಬೇಮಳಖೇಡದ ನಾಲ್ಕು ಮಂದಿ. ಎತ್ತು ನೋಡಲು ಹೊರಟವರು, ದಾರಿಯಲ್ಲಿ ಮೀನು ತಿನ್ನೋಣ ಅಂತ ನಿಲ್ಲಿಸಿದ್ದರು. ಚುನಾವಣೆಗೆ ಬಾಡಿಗೆ ಹೋದಾಗ ಅಂಟಿಸಿದ ಚೀಟಿಯನ್ನು ಡ್ರೈವರ್ ತೆಗೆದಿರಲಿಲ್ಲ.

ನಾನು ಹೋದಾಗ ಈಚೆ ದಂಡೆಯಲ್ಲಿ ಒಬ್ಬ ಪೊಲೀಸ್ ಜಮಾದಾರ, ಆಚೆ ದಂಡೆಯಲ್ಲಿ ಇನ್ನೊಬ್ಬ. ನಡುವೆ ನೀರಿನ ಮೇಲೆ ದ್ರೌಪತಿ, ಗಂಡನ ಪಕ್ಕದಲ್ಲಿ. ಇಬ್ಬರೂ ಜಮಾದಾರರು ಫೋನಿನಲ್ಲಿ ಮಾತಾಡುತ್ತಿದ್ದರು, ಒಬ್ಬರ ಜೊತೆ ಒಬ್ಬರು. ಈಚೆಯವನು ನನ್ನನ್ನು ಕಂಡು ಒಂದು ಜೆರಾಕ್ಸ್ ಮುಂದೆ ಹಿಡಿದ.

"ಕಾಕಾ, ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದ್ರಿ."

"ತೆಪ್ಪ ಹುಮನಾಬಾದ ಹದ್ದಿನಾಗ ಅದ ಅಂತ ಪ್ರಮಾಣ ಮಾಡಿ ಕೊಟ್ಟೀರಿ. ನಾವು ಹ್ಯಾಂಗ ಕೈ ಹಚ್ಚೋದು? ಆಚೆ ಮಂದಿ ಕಡೀನೂ ನಿಮ್ಮದೇ ಕಾಗದ ಅದಂತ."

ಸಾವಿನ ದೂರು ಯಾವ ಠಾಣೆಯಾದರೂ ಬರೆದುಕೊಳ್ಳಬೇಕು, ಹದ್ದಿ ಆಮೇಲೆ ನೋಡಬೇಕು ಅಂತ ಕಾಯ್ದೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಕಾಯ್ದೆ ನಮಗೂ ಗೊತ್ತದರಿ. ಮ್ಯಾಲಿನವರು ಕೇಳಿದಾಗ ಕಾಯ್ದೆ ನಮ್ಮ ಜೋಡಿ ಬಂದು ನಿಂದರಂಗಿಲ್ಲ" ಅಂದ. ಕೆಟ್ಟವನಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಮೂರು ತಾಸು ಹಾಗೇ ಹೋಯಿತು. ಮೋಡ ಸರಿದು ಬಿಸಿಲು ಬಿತ್ತು. ದ್ರೌಪತಿ ಒಲೆಗೆ ಗಾಳಿ ಹಾಕುವ ರಟ್ಟಿನಿಂದ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ಪಂಚನಾಮೆ ಆಗದೆ ಆಸ್ಪತ್ರೆಗೆ ಒಯ್ಯುವಂತಿಲ್ಲ, ಅಲ್ಲಿ ಕೊಯ್ದು ಕೊಡದೆ ಮಣ್ಣು ಮಾಡುವಂತಿಲ್ಲ. ನಾನು ಬೇವಿನ ಬುಡದಲ್ಲಿ ನಿಂತು ಬೆವರುತ್ತಿದ್ದೆ. ನಾಚಿಕೆ ಅನ್ನುವುದು ಅರವತ್ತರ ವಯಸ್ಸಿಗೂ ಮೈಯಲ್ಲಿ ಉಳಿದಿರುತ್ತದೆ ಅಂತ ಅವತ್ತು ತಿಳಿಯಿತು.

ಆಮೇಲೆ ಅವಳು ಎದ್ದಳು. ಮೀನು ಕೊಯ್ಯುವ ಕತ್ತಿ ತೆಗೆದುಕೊಂಡು ಆಚೆ ಕಡೆಯ ಹಗ್ಗ ಕತ್ತರಿಸಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಈಚೆ ಹಗ್ಗ ಜಗ್ಗತೊಡಗಿದಳು. ಒಂದು ಡ್ರಮ್ಮು ಇಲ್ಲದ ತೆಪ್ಪ ಓರೆಯಾಗಿ, ನಿಧಾನವಾಗಿ ಬಂತು. ಯೂನುಸ್ ನೀರಿಗಿಳಿದು ಹಿಂದಿನಿಂದ ನೂಕಿದ. ದಂಡೆಗೆ ಹತ್ತಿದ ಮೇಲೆ ಅವಳು, ಯೂನುಸ್, ನಾನು ಮೂವರೂ ಕೂಡಿ ಮಚ್ಚೇಂದ್ರನನ್ನು ಎತ್ತಿ ಮಣ್ಣಿನ ಮೇಲೆ ಇಟ್ಟೆವು.

"ಈಗ ಯಾರ ಹದ್ದಿ ಸಾಹೇಬ್ರ?" ಅಂದಳು.

ಆಚೆ ದಂಡೆಯ ಜಮಾದಾರ ಮೋಟಾರ್ ಸೈಕಲ್ ಹತ್ತಿ ಹೊರಟ. ಈಚೆಯವನು ತಲೆ ತಗ್ಗಿಸಿ ಕಾಗದ ತೆಗೆದ. ಆದರೆ ಅವನಿಗೂ ಒಂದು ಸರ್ವೆ ನಂಬರ್ ಬೇಕಿತ್ತು. ನೀರಿಗೆ ನಂಬರ್ ಇಲ್ಲ. ತೆಪ್ಪ ಅಂತ ಬರೆದರೆ ಹಳೆಯ ಪ್ರಮಾಣ ಸುಳ್ಳಾಗುತ್ತದೆ, ಸುಳ್ಳು ಪ್ರಮಾಣಕ್ಕೆ ಸಾಕ್ಷಿ ಹಾಕಿದ ದ್ರೌಪತಿಯ ಮೇಲೆ ಪ್ರಕರಣ ಬೀಳುತ್ತದೆ. ದಂಡೆಯ ಮೇಲೆ ಕೈಕಾಲು ತೊಳೆಯುವಾಗ ಜಾರಿ ಬಿದ್ದ ಅಂತ ಬರೆದರೆ ಎಲ್ಲ ಸರಳ. ಹತ್ತಿರದ ನಂಬರ್ ಮಹಾರುದ್ರಪ್ಪನವರ ಹೊಲದ್ದು. ಅವರು ಆಗಲೇ ಬಂದು ಬದುವಿನ ಮೇಲೆ ನಿಂತಿದ್ದರು. ಜಮಾದಾರ ಕೇಳಿದ್ದಕ್ಕೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನ್ನ ನಂಬರೇ ಬರ್ಕೋರಿ. ಸತ್ತವಗ ಏನು ಅಡ್ಡಿ" ಅಂದರು. ಮನಸ್ಸಿನಿಂದಲೇ ಅಂದರು, ಅದು ಸುಳ್ಳಲ್ಲ.

ದ್ರೌಪತಿಯ ಹೇಳಿಕೆಯನ್ನು ನಾನೇ ಬರೆಯಬೇಕಾಯಿತು. ಈ ತೆಪ್ಪಕ್ಕೆ ಸಂಬಂಧಿಸಿ ನನ್ನ ಮೂರನೆಯ ಸುಳ್ಳು. ಅಕ್ಷರ ಮಾತ್ರ ಎಂದಿನ ಹಾಗೆ ದುಂಡಗೇ ಬಂದವು. ಅವಳು ಏಳನೆಯತನಕ ಓದಿದವಳು. ಕಾಗದ ಇಸಿದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅದರಲ್ಲಿ ಖಾನಾವಳಿ ಇರಲಿಲ್ಲ, ಹಗ್ಗ ಇರಲಿಲ್ಲ, ಎರಡು ವರ್ಷ ಇರಲಿಲ್ಲ. ಕೆಲಸ ಮಾಡುತ್ತ ಸತ್ತ ಅಂತ ನಾಳೆ ಯಾವ ಪರಿಹಾರವನ್ನೂ ಕೇಳುವ ಹಾಗಿರಲಿಲ್ಲ. ಸರ್ವೆ ನಂಬರಿನ ಮೇಲೆ ಅವಳ ಬೆರಳು ನಿಂತಿತು.

"ಕಾಕಾ, ಈ ದಂಡೀ ಮ್ಯಾಲ ಅವರಿಗಿ ನಿಂದರಾಕ ಬಿಡ್ಲಿಲ್ಲ. ಇಲ್ಲೇ ಸತ್ರು ಅಂತ ಬರದೀರೇನ್ರಿ?"

ಮಹಾರುದ್ರಪ್ಪನವರು ಹೊಲದ ಕಡೆ ಮುಖ ತಿರುಗಿಸಿದರು. ಜಮಾದಾರ ಗಡಿಯಾರ ನೋಡಿಕೊಂಡ.

"ಬರದೀನವ್ವಾ" ಅಂದೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕಾಗದವನ್ನು ಮೊಣಕಾಲಿನ ಮೇಲಿಟ್ಟು, ಪೂರ್ತಿ ಹೆಸರು ಬರೆದಳು. ಆ ಕಾಗದವೂ ವಾಪಸ್ ಬರಲಿಲ್ಲ.