ಚಿಪ್ಪಿನ ಭುಜ

ಮಾರಿಟ್‌ಗೆ ಕೋಪ ಬಂದರೆ ಬಾಯಿ ಮುಚ್ಚಿಹೋಗುತ್ತಿತ್ತು, ಕಿವಿ ಮಾತ್ರ ಕೆಂಪೇರುತ್ತಿತ್ತು. ಬಂದೂಕಿನ ಅಂಗಡಿಗೆ ಬಂದು ಕಾಲು ಗಂಟೆಯೂ ಆಗಿರಲಿಲ್ಲ, ಎರಡೂ ಕಿವಿ ಕಾದ ಹೆಂಚಾಗಿದ್ದವು. ಅಂಗಡಿಯ ಡ್ವೇನ್ ಪ್ರೂಯಿಟ್ ಅವಳನ್ನು ‘ಚಿನ್ನಾ’ ಎಂದು ಕರೆದದ್ದು ಅದು ಮೂರನೇ ಸಲ.

ವಿಷಯ ಇಷ್ಟೇ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡ ಸೋಲ್ವೆಗ್ ಅಜ್ಜಿಯ ಕೋವಿ ಈಗ ಚಿಕ್ಕಪ್ಪ ಆರ್ವಿಡ್‌ನ ಬೀರುವಿನಲ್ಲಿತ್ತು. ಅದಕ್ಕೆ ಹೊಂದುವ ತೋಟಾ ಮೊಂಟಾನಾದ ಆ ಬಯಲಿನ ಯಾವ ಅಂಗಡಿಗೂ ಬಂದು ಎರಡು ವರ್ಷವಾಗಿತ್ತು. ತೋಟಾ ಇಲ್ಲದ ಕೋವಿಗೂ ಸೌದೆಗೂ ಏನು ವ್ಯತ್ಯಾಸ ಎಂದು ಆರ್ವಿಡ್ ಅದನ್ನು ಕೊಟ್ಟು ಒಂದು ದುರ್ಬೀನು ತೆಗೆದುಕೊಳ್ಳಲು ಹೊರಟಿದ್ದ. ಮಾರಿಟ್ ಅಡ್ಡ ನಿಂತಳು. ಹಾಗಾದರೆ ಪಂಥ, ಎಂದ ಚಿಕ್ಕಪ್ಪ. ಎಲ್ಕ್ ಜಿಂಕೆಯ ಬೇಟೆ ಶುರುವಾಗುವ ಶನಿವಾರದೊಳಗೆ ಅವಳೇ ತನ್ನ ಕೈಯಾರೆ ತೋಟಾ ತುಂಬಿ ತಂದರೆ ಕೋವಿ ಅವಳದು. ತರದಿದ್ದರೆ ದುರ್ಬೀನು ಅವನದು.

ಅಜ್ಜಿಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತು ಖಾಲಿ ಹಿತ್ತಾಳೆ ಚಿಪ್ಪುಗಳಿದ್ದವು, ಎಲ್ಲವೂ ಅಜ್ಜಿಯೇ ಆ ಕೋವಿಯಿಂದ ಹಾರಿಸಿದ ತೋಟಾಗಳವು. ಹಾರಿದ ಚಿಪ್ಪು ಉಬ್ಬಿಕೊಂಡಿರುತ್ತದೆ. ಅದನ್ನು ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತಂದು, ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಮತ್ತೆ ತೋಟಾ. ಎರಡು ತಿಂಗಳಿಂದ ಶಾಲೆಯ ಬಸ್ಸು ಓಡಿಸುವ ಬಿಡುವಿನಲ್ಲೆಲ್ಲ ಮಾರಿಟ್ ಇದರ ಪುಸ್ತಕ ಓದಿದ್ದಳು. ಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು: ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಗಟ್ಟಿ ಪ್ರೆಸ್ಸು, ಒಂದು ಜೊತೆ ಅಚ್ಚು.

ಡ್ವೇನ್‌ಗೆ ಅದು ಬೇಕಿರಲಿಲ್ಲ. ಅವನು ಗಾಣದ ಹಾಗೆ ಸುತ್ತುವ ದೊಡ್ಡ ಯಂತ್ರವೊಂದನ್ನು ಮುಂದಕ್ಕೆ ತಳ್ಳಿದ. ಹಿಡಿ ಎಳೆದಷ್ಟು ಸಲ ಒಂದೊಂದು ತೋಟಾ ಉದುರುತ್ತದೆ, ಗಂಡನಿಗೆ ಖುಷಿಯಾಗುತ್ತದೆ ಎಂದ. ಗಂಡ ಇಲ್ಲ ಎಂದಳು. ಹಾಗಾದರೆ ತಮ್ಮನಿಗಾ ಎಂದ. ಹೊಸಬರು ಎಲ್ಲಿ ತಪ್ಪಿತು ಎಂದು ನೋಡಿಕೊಳ್ಳಬೇಕಾದರೆ ಒಂದೊಂದೇ ಹೆಜ್ಜೆಯ ಪ್ರೆಸ್ಸೇ ಸರಿ ಎಂದು ಮಾರಿಟ್ ಪುಸ್ತಕದ ಮಾತನ್ನು ಹೇಳಿದಾಗ, ಅಂಗಡಿಯ ಗಲ್ಲಾಕಟ್ಟೆಗೆ ಆತುಕೊಂಡು ಕಾಫಿ ಕುಡಿಯುತ್ತಿದ್ದ ಇಬ್ಬರು ಮುದುಕರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಕೊನೆಗೂ ಅವಳು ಕೇಳಿದ ಪ್ರೆಸ್ಸೇ ಕಪಾಟಿನಿಂದ ಕೆಳಗಿಳಿಯಿತು. ಅಚ್ಚಿಗಾಗಿ ಅವಳು ಅಜ್ಜಿಯ ಒಂದು ಚಿಪ್ಪನ್ನು ಕಟ್ಟೆಯ ಮೇಲೆ ನಿಲ್ಲಿಸಿದಳು. ಡ್ವೇನ್ ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನಳಿಗೆಯ ಮೇಲೆ ಏನು ಕೆತ್ತಿದೆ, ಅದನ್ನು ಹೇಳು ಸಾಕು ಎಂದ.

ಮಾರಿಟ್ ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನ್ ಮಾಡಿದಳು. ಆರ್ವಿಡ್ ಬೀರು ತೆಗೆದು, ಕೆತ್ತಿದ್ದನ್ನು ಒಂದೊಂದೇ ಅಕ್ಷರ ಓದಿದ. ಅದು ರಾಬರ್ಟ್ಸ್ ಎಂಬ ಹಳೆಯ ಅಳತೆ. ಡ್ವೇನ್ ಆ ಹೆಸರಿನ ಅಚ್ಚಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತ, ಚಿಪ್ಪಿಗೆ ಎಣ್ಣೆ ಸವರುವುದನ್ನು ಮರೆಯಬೇಡ, ಹೊಸಬರೆಲ್ಲ ಮರೆತು ಅಳುತ್ತ ಬರುತ್ತಾರೆ ಎಂದ.

ಮನೆಗೆ ಬಂದು ಕೆಲಸಕ್ಕೆ ಕೂತಾಗ ಅವಳು ಮರೆಯಲಿಲ್ಲ. ಬೆರಳಿಗೆ ಎಣ್ಣೆ ತೆಗೆದುಕೊಂಡು ಮಗುವಿಗೆ ಸವರುವ ಹಾಗೆ ಸವರಿದಳು. ಆದರೂ ಪ್ರೆಸ್ಸಿನ ಹಿಡಿ ಅರ್ಧಕ್ಕೆ ಬಂದು ಬಿಗಿದುಕೊಂಡಿತು. ಇನ್ನಷ್ಟು ಒತ್ತಿದಳು. ಚಿಪ್ಪು ಕಿರುಗುಟ್ಟುತ್ತ ಒಳಗೆ ಹೋಗಿ ಸಿಕ್ಕಿಕೊಂಡಿತು. ವಾಪಸು ಎಳೆದಾಗ ಅದರ ಬುಡದ ಅಂಚು ಹರಿದು ಬಂತು, ಚಿಪ್ಪು ಅಚ್ಚಿನಲ್ಲೇ ಉಳಿಯಿತು. ಇಪ್ಪತ್ತರಲ್ಲಿ ಒಂದು ಹೋಯಿತು. ಸುದ್ದಿ ಕೇಳಿದ ಆರ್ವಿಡ್ ಫೋನಿನಲ್ಲಿ ಬಹಳ ಹೊತ್ತು ನಕ್ಕ. ಎಣ್ಣೆ ಮರೆತೆಯಾ ಎಂದ. ಇಲ್ಲ ಎಂದಳು. ಎಲ್ಲರೂ ಹಾಗೇ ಹೇಳುತ್ತಾರೆ ಎಂದ.

ಗುರುವಾರ ಬೆಳಿಗ್ಗೆ ಬಸ್ಸಿನ ಮಕ್ಕಳನ್ನು ಶಾಲೆಗೆ ಇಳಿಸಿದವಳೇ, ಸಿಕ್ಕಿಕೊಂಡ ಚಿಪ್ಪಿನ ಸಮೇತ ಅಚ್ಚನ್ನು ಡ್ವೇನ್‌ನ ಕಟ್ಟೆಯ ಮೇಲೆ ಕುಕ್ಕಿದಳು. ಅವನು ಅದನ್ನು ಎತ್ತಿ ಮುದುಕರಿಗೆ ತೋರಿಸಿದ.

“ನೋಡಿ, ನಾನು ಹೇಳಿರಲಿಲ್ವಾ? ಎಣ್ಣೆ ಮರ್ತಿದ್ದಾಳೆ.”

“ಮರ್ತಿಲ್ಲ.”

“ಪರವಾಗಿಲ್ಲ ಬಿಡು ಚಿನ್ನಾ, ನಾಚ್ಕೊಳ್ಳೋಂಥದ್ದೇನಿಲ್ಲ.”

ಅವಳ ಕಿವಿ ಮತ್ತೆ ಕಾದವು. ಅದಕ್ಕಿಂತ ಕೆಟ್ಟದ್ದು, ಒಂದು ಕ್ಷಣ ಅವಳಿಗೇ ಅನುಮಾನ ಬಂತು: ಸವರಿದ್ದೆನೇ, ಅಥವಾ ಸವರಿದೆ ಅಂದುಕೊಂಡೆನೇ? ಗಂಡಸರೆಲ್ಲ ಒಂದೇ ಮಾತನ್ನು ಹೇಳಿದರೆ ಕೈಯಲ್ಲಿದ್ದ ಎಣ್ಣೆಯೂ ಸುಳ್ಳಾಗಿಬಿಡುತ್ತದೆ. ಆ ಅನುಮಾನಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಕಣ್ಣು ತಪ್ಪಿಸಲು ಗೋಡೆಯ ಕಡೆ ನೋಡಿದಳು.

ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ನೂರಾರು ಬಗೆಯ ತೋಟಾಗಳನ್ನು ಹೆಸರು ಬರೆದು ಸಾಲಾಗಿ ಕಟ್ಟಿಟ್ಟಿದ್ದರು. ಮಾರಿಟ್ ಕೇಳದೆಯೇ ಕಟ್ಟೆಯ ಆಚೆ ದಾಟಿದಳು. ರಾಬರ್ಟ್ಸ್ ಎಂದು ಬರೆದಿದ್ದ ತೋಟಾದ ಪಕ್ಕಕ್ಕೆ ಅಜ್ಜಿಯ ಇನ್ನೊಂದು ಚಿಪ್ಪನ್ನು ಗಾಜಿಗೆ ಒತ್ತಿ ಹಿಡಿದಳು. ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ. ಆದರೆ ಕುತ್ತಿಗೆಯ ಕೆಳಗೆ ಗಾಜಿನೊಳಗಿನದು ಸೀಸೆಯ ಹಾಗೆ ಜಾರುಭುಜದ್ದು. ಅಜ್ಜಿಯದು ಭುಜ ಎತ್ತಿ ನಿಂತಿತ್ತು, ಮೈಯೂ ಒಂದು ಕೂದಲೆಳೆ ದಪ್ಪ.

“ಡ್ವೇನ್,” ಎಂದಳು, “ಮೊನ್ನೆ ನಿನ್ನ ಮೂಗಿನ ಕೆಳಗೇ ಇಟ್ಟಿದ್ದೆ. ಈಗಲಾದರೂ ನೋಡು.”

ಅವನು ಕನ್ನಡಕ ಹಾಕಿಕೊಂಡು ನೋಡಿದ. ಮುದುಕರೂ ಲೋಟ ಕೆಳಗಿಟ್ಟು ಬಂದರು. ಯಾರೂ ನಗಲಿಲ್ಲ. ಹಿಂದಿನ ಕಾಲದಲ್ಲಿ ಹೆಚ್ಚು ಮದ್ದು ಹಿಡಿಯಲೆಂದು ತೋಟಾ ಕೂರುವ ಗೂಡನ್ನೇ ಕೊರೆಸಿ ಹಿಗ್ಗಿಸುತ್ತಿದ್ದರು, ಕೊರೆದವನು ನಳಿಗೆಯ ಮೇಲೆ ಹೊಸ ಹೆಸರು ಕೆತ್ತಬೇಕಿತ್ತು, ಕೆತ್ತಿಲ್ಲ ಎಂದು ಡ್ವೇನ್ ತಗ್ಗಿದ ದನಿಯಲ್ಲಿ ಹೇಳಿದ. ಅಜ್ಜಿ ಹಳೆಯ ಜನಪದ ಕಥೆಗಳ ಮಾಯಗಾತಿಯನ್ನು ನೆನೆದು, ನನ್ನ ಕೋವಿಯ ಬಾಯಿಗೆ ಹಸುವಿನ ಬಾಲದ ಬೆಟ್ಟದ ಹೆಂಗಸು ಉಸಿರು ಊದಿದ್ದಾಳೆ, ಅದು ನಿಮ್ಮ ಕೋವಿಗಳ ಜಾತಿಯದಲ್ಲ ಎಂದು ಹೇಳುತ್ತಿದ್ದದ್ದು ಮಾರಿಟ್‌ಗೆ ಆಗ ಅರ್ಥವಾಯಿತು.

ಆ ಅಳತೆಯ ಅಚ್ಚು ತರಿಸಬೇಕು, ಎರಡು ವಾರ ಬೇಕು ಎಂದ ಡ್ವೇನ್. ಬರೆದುಕೋ ಎಂದಳು. ಡ್ವೇನ್ ‘ಚಿನ್ನಾ’ ಅನ್ನದೆ, ಅವಳ ಪೂರ್ತಿ ಹೆಸರು ಕೇಳಿ ಬರೆದುಕೊಂಡ.

ಆರ್ವಿಡ್ ಅಂಗಳದಲ್ಲಿ ಬೇಟೆಯ ಡೇರೆ ಹರಡಿ ತೂತುಗಳಿಗೆ ತೇಪೆ ಹಾಕುತ್ತಿದ್ದ. ಮಾರಿಟ್ ಚಿಪ್ಪನ್ನು ಅವನ ಮುಖದ ಮುಂದೆ ಹಿಡಿದಳು.

“ನಿಂಗೆ ಗೊತ್ತಿತ್ತಾ ಚಿಕ್ಕಪ್ಪ?”

ಅವನು ಸೂಜಿ ನಿಲ್ಲಿಸಿದ. ಅಮ್ಮ ಅದನ್ನು ಕೊರೆಸಲು ಪಟ್ಟಣಕ್ಕೆ ಹೋದ ದಿನ ಗಾಡಿ ಓಡಿಸಿದ್ದು ತಾನೇ ಎಂದು ಒಪ್ಪಿಕೊಂಡ.

“ನೀನು ಕೇಳಿದ್ದು ನಳಿಗೆ ಮೇಲೆ ಏನು ಬರ್ದಿದೆ ಅಂತ. ಓದಿದೆ. ಕೊರೆಸಿದ್ದಾರಾ ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ.”

“ಹೇಗೋ ಒಂದು ಚಿಪ್ಪು ಆ ತಪ್ಪು ಅಚ್ಚಿನೊಳಗೆ ಹೋಗಿ ಬಂದಿದ್ರೆ? ಮದ್ದು ತುಂಬಿ ಹಾರಿಸ್ತಿದ್ದೆ. ಅಳತೆ ಹೊಂದದೆ ಅದು ನನ್ನ ಕೆನ್ನೆ ಪಕ್ಕದಲ್ಲಿ ಸಿಡಿದಿದ್ರೆ ಏನ್ಮಾಡ್ತಿದ್ದೆ ನೀನು?”

ಆರ್ವಿಡ್ ಡೇರೆಯ ಬಟ್ಟೆಯನ್ನು ನೋಡುತ್ತ ಹೇಳಿದ: “ನೀನು ಅಲ್ಲೀವರೆಗೂ ಬರ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ.”

ಇಡೀ ವಾರದಲ್ಲಿ ಅವಳು ಕೇಳಿದ ಮಾತುಗಳಲ್ಲಿ ಇದೊಂದೇ ಎದೆಗೆ ಚುಚ್ಚಿದ್ದು. ಬೀರುವಿನ ಬೀಗದಕೈಗೆ ಕೈ ಚಾಚಿದಳು. ಪಂಥ ಶನಿವಾರದವರೆಗೆ ಇದೆಯಲ್ಲ ಎಂದು ಅವನು ತಡವರಿಸಿದ.

“ಪಂಥ ಮುರಿದೋನು ನೀನು. ಕೊಡು.”

ಅವನು ಕೊಟ್ಟ. ಅವಳು ಒಳಗೆ ಹೋಗಿ ಕೋವಿ ತೆಗೆದಳು, ಗೂಡು ಖಾಲಿಯಿದೆಯೇ ಎಂದು ಬೆರಳಿಟ್ಟು ನೋಡಿದಳು, ಹಳೆಯ ಕಂಬಳಿಯಲ್ಲಿ ಸುತ್ತಿ ತನ್ನ ಗಾಡಿಯಲ್ಲಿ ಮಲಗಿಸಿದಳು. ಆರ್ವಿಡ್ ಬಾಗಿಲವರೆಗೂ ಬಂದು, ಶನಿವಾರ ಡೇರೆಗೆ ಬಾ, ನನ್ನದೇ ಇನ್ನೊಂದು ಕೋವಿ ಕೊಡುತ್ತೇನೆ ಎಂದ. ತಾನು ಬೆಟ್ಟಕ್ಕೆ ಹೋಗುವುದು ಅಚ್ಚು ಬಂದ ಮೇಲೆ, ಅದೂ ಒಬ್ಬಳೇ ಎಂದಳು ಮಾರಿಟ್. ಗಾಡಿ ಹಿಂದಕ್ಕೆ ತಿರುಗಿಸುವಾಗ ಚಕ್ರ ಡೇರೆಯ ಅಂಚನ್ನು ಹತ್ತಿ ಇಳಿಯಿತು. ಅವಳು ನಿಲ್ಲಿಸಲಿಲ್ಲ.