ನೀಲಿ ಸೋಫಾದ ಮೇಲೆ ಯಾರೂ ಕೂತಿಲ್ಲ

೩.

ಕತ್ತರಿ ಅರ್ಧ ದಾರಿ ಸಾಗಿತ್ತು. ಸೋಫಾದ ಪ್ಲಾಸ್ಟಿಕ್ ಕವರು ಕಿರುಗುಟ್ಟುತ್ತಾ ಎರಡಾಗುತ್ತಿದ್ದಾಗ ಗಂಡ ಬಾಗಿಲಲ್ಲಿ ಬಂದು ನಿಂತ.

“ಏನೇ ಮಾಡ್ತಿದೀಯ?”

“ಕಾಣ್ತಿಲ್ವಾ? ಕೂರೋಕೆ ಜಾಗ ಮಾಡ್ತಿದೀನಿ.”

(ಮೂರರಿಂದ ಯಾಕೆ ಶುರು ಎಂದು ಕೇಳಬೇಡಿ. ಒಂದರಲ್ಲಿ ‘ಹಣವೆಂದರೇನು?’ ಎಂದು ಆರಂಭಿಸಿದ್ದೆ. ಮುಂದಿನ ಸಾಲಿಗೇ ನನಗೆ ಆಕಳಿಕೆ ಬಂತು. ಎರಡರಲ್ಲಿ ಇವರ ಮದುವೆಯಿಂದ ಹೊರಟೆ; ಸೋಫಾದ ಹತ್ತಿರ ಬರುವಷ್ಟರಲ್ಲಿ ಕಥೆಗೆ ವಯಸ್ಸಾಗಿತ್ತು. ಕತ್ತರಿ ಹಿಡಿದ ಹೆಂಗಸು ಸಿಕ್ಕ ಮೇಲೆ ಬೇರೆ ಆರಂಭ ಹುಡುಕುವುದು ದುರಾಸೆ.)

೪.

ಗಂಡ ಸೋಫಾ ಮಾಡುವವನು. ಊರಿನ ಅರ್ಧ ಮನೆಗಳಿಗೆ ಸ್ಪಂಜು ತುಂಬಿ, ಬಟ್ಟೆ ಬಿಗಿದು ಕೊಟ್ಟವನು. ಮದುವೆಯಾದ ವರ್ಷ ತನ್ನ ಮನೆಗೊಂದು ಮಾಡಿದ: ಮುಸ್ಸಂಜೆಯ ನೀಲಿಯ ವೆಲ್ವೆಟ್, ಅಂಗಡಿಯಲ್ಲಿದ್ದ ಅತಿ ದುಬಾರಿ ಬಟ್ಟೆ. ಹೆಂಡತಿ ಕೂರುವ ಮೊದಲೇ ಪ್ಲಾಸ್ಟಿಕ್ ಹಾಕಿದ. ಎಲ್ಲರಂತೆ ಮೇಲೆ ಹೊದಿಸಲಿಲ್ಲ. ಹೊಲಿಗೆಯೊಳಗೇ ಸೇರಿಸಿ ಹೊಲಿದುಬಿಟ್ಟ, ಮುಂದೆ ತನಗೇ ಬಿಚ್ಚುವ ಮನಸ್ಸಾಗದಿರಲೆಂದು.

ಹೆಂಡತಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಲ್ಲುವವಳು. ಮನೆಗೆ ಬಂದು ಆ ಪ್ಲಾಸ್ಟಿಕ್ಕಿನ ಮೇಲೆ ಕೂತರೆ ಬೆವರಿಗೆ ಮೈ ಅಂಟುತ್ತದೆ, ಏಳುವಾಗ ಚರ್ಮ ಕಿತ್ತಂತೆ ಸದ್ದಾಗುತ್ತದೆ. ಹಾಗಾಗಿ ನೆಲದ ಮೇಲೆ ಕೂರುತ್ತಾಳೆ, ಸೋಫಾಗೆ ಬೆನ್ನು ಕೊಟ್ಟು. ಗಂಡ ಎದುರಿನ ಕುರ್ಚಿಯಲ್ಲಿ. ಅವಳಿಗೆ ಬೇಕಿರುವುದು ಒಂದು ಸಂಜೆ. ಇಬ್ಬರೂ ಅದರ ಮೇಲೆ ಅಕ್ಕಪಕ್ಕ ಕೂರುವ ಸಂಜೆ.

೫.

ಕವರು ಬಾಯಿಬಿಟ್ಟಿತು. ಇಷ್ಟು ವರ್ಷ ಉಸಿರು ಬಿಗಿಹಿಡಿದಿದ್ದ ಗಾಳಿ ಮೆಲ್ಲಗೆ ಹೊರಬಂತು, ಹೊಸ ಬಟ್ಟೆಯ ವಾಸನೆ ಹೊತ್ತು. ಅದರ ಹಿಂದೆಯೇ ನೀಲಿ ಬಂತು. ನೆಲದ ಮೇಲೆ ಹರಿಯಿತು, ಗೋಡೆ ಹತ್ತಿತು, ಕಿಟಕಿಯ ಗಾಜಿಗೆ ಹಬ್ಬಿತು. ಮಧ್ಯಾಹ್ನ ಸಂಜೆಯಾಯಿತು. ಗಂಡನ ಕಾಲ್ಬೆರಳಿಗೆ ನೀಲಿ ತಾಗಿದ್ದೇ, ಎಲ್ಲಿ ತುಳಿದುಬಿಡುತ್ತೇನೋ ಎಂದು ಅವನು ಹಿಂದೆ ಸರಿದ.

(ನನ್ನ ಪ್ಲ್ಯಾನ್‌ನಲ್ಲಿ ಇದು ಇರಲಿಲ್ಲ. ನಾನು ಬರೀ ಕತ್ತರಿ ಕೊಟ್ಟಿದ್ದೆ.)

“ದುಡ್ಡು ಸುರಿದು ಮಾಡಿದ್ದು ಕಣೇ. ಯಾರಾದ್ರೂ ಬಂದಾಗ...”

“ಯಾರ್ ಬಂದಾಗ? ನಿಮ್ಮಣ್ಣ ಬಂದಾಗ್ಲೂ ಕುರ್ಚೀಲೇ ಕೂರಿಸಿದ್ರಿ. ಮೆತ್ತಗಿದ್ರೆ ಸೊಂಟಕ್ಕೆ ಒಳ್ಳೇದಲ್ಲ ಅಂತ ಭಾಷಣ ಬೇರೆ! ಸೋಫಾ ಮಾಡೋರ ಬಾಯಲ್ಲಿ!”

“ಒಂದ್ಸಲ ಕೂತ್ರೆ ಹಳೇದಾಯ್ತು. ಮತ್ತೆ ಇಂಥ ಬಟ್ಟೆ ತರೋಕಾಗುತ್ತಾ?”

೬.

ಅವನಿಗೆ ಲಾಟರಿ ಹೊಡೆಸಿ ನೋಡಿದೆ. ಇನ್ನೊಂದು ಸೋಫಾ ಮಾಡಿದ, ಅದಕ್ಕೂ ಪ್ಲಾಸ್ಟಿಕ್ ಹೊಲಿದ, ಎರಡನ್ನೂ ಇಡಲು ದೊಡ್ಡ ಮನೆ ಕೊಂಡ. ಹೆಂಡತಿ ಅಲ್ಲೂ ನೆಲದ ಮೇಲೆ. ಅಳಿಸಿದೆ. ದಿವಾಳಿ ಎಬ್ಬಿಸಿ ನೋಡಿದೆ. ಸೋಫಾ ಮಾರಿದ, ಕೊಂಡವನಿಗೆ “ಒಬ್ಬರೂ ಕೂತಿಲ್ಲ ಸಾರ್” ಎಂದು ಎದೆಯುಬ್ಬಿಸಿ ಹೇಳಿದ. ಅದನ್ನೂ ಅಳಿಸುತ್ತಿದ್ದಾಗ ಹೆಂಡತಿ ನನ್ನ ಕಡೆ ತಿರುಗಿದಳು.

“ನೀವು ಸ್ವಲ್ಪ ಸುಮ್ನಿರ್ತೀರಾ? ಇದು ನಮ್ಮನೆ ವಿಷಯ.”

೭.

ಅವಳು ಕೂತಳು. ವೆಲ್ವೆಟ್ ನಿಧಾನವಾಗಿ ತಗ್ಗಿ ಅವಳನ್ನು ಬರಮಾಡಿಕೊಂಡಿತು. ಪಕ್ಕದ ಜಾಗವನ್ನು ತಟ್ಟಿದಳು. ಅಂಗೈಯ ಗುರುತು ಬಟ್ಟೆಯ ಮೇಲೆ ಉಳಿಯಿತು. ಗಾಯ ನೋಡುವವನಂತೆ ಗಂಡ ಅದನ್ನು ನೋಡಿದ. ಒಂದು ಹೆಜ್ಜೆ ಎತ್ತಿದ, ಇದ್ದಲ್ಲೇ ಇಟ್ಟ.

ನನಗೆ ತಡೆಯಲಾಗಲಿಲ್ಲ. ಅವನ ಕಿವಿಯ ಹತ್ತಿರ ಹೋಗಿ ಹೇಳಿದೆ: “ಕೂತ್ಕೊಳ್ಳಿ ಯಜಮಾನ್ರೇ. ಒಂದು ವಾಕ್ಯ ಬರೆದುಬಿಡ್ತೀನಿ. ಈ ಬಟ್ಟೆ ಯಾವತ್ತೂ ಸವೆಯಲ್ಲ, ಕಲೆ ಆಗಲ್ಲ, ಬಣ್ಣ ಹೋಗಲ್ಲ. ಲೈಫ್‌ಟೈಮ್ ಗ್ಯಾರಂಟಿ.”

“ನಿಜವಾಗ್ಲೂ?”

ಅವನ ಮುಖ ಅರಳಿತು. ನೀಲಿಯೊಳಗೆ ಕಾಲಿಟ್ಟು, ಈಜು ಕಲಿಯುವವನಂತೆ ತೋಳು ಚಾಚಿ ನಡೆದು ಬಂದ. (ಕೊನೆ ಬಂತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ವಾಕ್ಯ ಶುರು ಮಾಡಿದೆ.)

“ಬೇಡ,” ಅಂದಳು ಅವಳು.

“ಯಾಕಮ್ಮಾ? ಬರ್ತಿದಾರಲ್ಲ!”

“ಸವೆಯಲ್ಲ ಅಂದ್ರೆ ಅದು ಇನ್ನೊಂದು ಪ್ಲಾಸ್ಟಿಕ್ ಅಷ್ಟೇ. ಸವೆಯುತ್ತೆ ಅಂತ ಗೊತ್ತಿದ್ದು ಬಂದು ಕೂರೋದಾದ್ರೆ ಕೂರಲಿ.”

ಗಂಡ ನಡುಮನೆಯ ಮಧ್ಯದಲ್ಲಿ ನಿಂತಿದ್ದಾನೆ, ಮೊಣಕಾಲಿನವರೆಗೆ ನೀಲಿ.

“ಅರ್ಧ ವಾಕ್ಯ ಆಗಿದೆ,” ಅಂದೆ. “ಮುಗಿಸಿಬಿಡಲಾ?”

“ಬೇಡ ಅಂದೆನಲ್ಲ.”